ಅಡಿಕೆ ದಬ್ಬೆಯ ಹಾರ್ಡ್ ಡಿಸ್ಕ್

ಮೇಷ್ಟ್ರ ಬಲಗೈ ಹೆಬ್ಬೆರಳಿನ ಉಗುರು ಉಳಿದ ಒಂಬತ್ತಕ್ಕಿಂತ ಉದ್ದ. ಟೈಪ್‌ರೈಟರ್ ರಿಬ್ಬನ್ನಿನ ಮಸಿ ಅಡಿಯಲ್ಲಿ ಸೇರಿ ಸದಾ ಕಪ್ಪಗಿರುತ್ತಿತ್ತು. ಅದನ್ನು ಅವರು ಕತ್ತರಿಸುತ್ತಿರಲಿಲ್ಲ, ಏಕೆಂದರೆ ಅದೇ ಅವರ ಸ್ಕ್ರೂಡ್ರೈವರ್. ಮೇಜಿನ ಮೇಲೆ ನಿಜವಾದ ಸ್ಕ್ರೂಡ್ರೈವರ್ ಮೂರು ಬಿದ್ದಿದ್ದರೂ ಉಗುರಿನಲ್ಲೇ ತಿರುಪುವುದು. ಆಗದಿದ್ದಾಗ ಬೆರಳನ್ನು ಬಾಯಿಗಿಟ್ಟುಕೊಂಡು, ತಪ್ಪೆಲ್ಲ ನನ್ನದೇ ಎಂಬಂತೆ ನನ್ನ ಕಡೆ ನೋಡುವುದು.

ಸಾಗರದ ಪೇಟೆಯಲ್ಲಿ ಬಟ್ಟೆ ಅಂಗಡಿಯ ಮಹಡಿಯ ಮೇಲೆ ಅವರ ಟೈಪಿಂಗ್ ಶಾಲೆ ಇತ್ತು. ಕಲಿಯಲು ಹೋದ ನಾನು ಕಲಿಸುವವಳಾಗಿ ಅಲ್ಲೇ ಉಳಿದೆ. ಎಂಬತ್ತರ ದಶಕ ಮುಗಿಯುತ್ತಾ ಬಂದಾಗ ಮೇಷ್ಟ್ರು ಯಾರೋ ಬಳಸಿ ಬಿಟ್ಟ ಒಂದು ಸಣ್ಣ ಕಂಪ್ಯೂಟರ್ ತಂದರು. ಹುಡುಗರಿಗೆ ಕಲಿಸಲು ತಂದರೆಂದು ಊರೆಲ್ಲ ಹೊಗಳಿತು. ಅವರು ತಂದದ್ದು ತಮ್ಮ ಪಟ್ಟಿಗಾಗಿ.

ಮೇಷ್ಟ್ರ ಊರು ಶರಾವತಿಯ ಹಿನ್ನೀರಿನಲ್ಲಿ ಮುಳುಗಿತ್ತು. ಅಕ್ಕಪಕ್ಕದ ಮೂರು ಊರುಗಳೂ ಅದರ ಜೊತೆಗೆ ಹೋಗಿದ್ದವು. ಆ ನಾಲ್ಕು ಊರಿನ ಪ್ರತಿಯೊಂದು ಮನೆ ಎಲ್ಲಿತ್ತು, ಯಾರಿದ್ದರು, ಈಗ ಎಲ್ಲಿದ್ದಾರೆ ಎಂದು ಅವರು ಬರೆದಿಡುತ್ತಿದ್ದರು. ಭಾನುವಾರ ಬಂತೆಂದರೆ ಹೊಸನಗರ, ರಿಪ್ಪನ್‌ಪೇಟೆ, ತೀರ್ಥಹಳ್ಳಿ ಎಂದು ಬಸ್ಸು ಹತ್ತಿ ಕೇಳಿಕೊಂಡು ಬರುತ್ತಿದ್ದರು. ಮೊದಲು ನೋಟ್‌ಬುಕ್ಕಿನಲ್ಲಿ ಬರೆದದ್ದನ್ನು ಒರಲೆ ಹುಳ ತಿಂದಿತ್ತು. ಅದಕ್ಕೇ ಈ ಕಂಪ್ಯೂಟರ್. ಕನ್ನಡದ ಹೆಸರುಗಳನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯುವ ಕರ್ಮ ನನ್ನದು.

ಬಿಟ್ಟುಹೋಗಬಹುದಿತ್ತಲ್ಲ ಎಂದು ಕೇಳಬೇಡಿ. ನನ್ನ ಅಮ್ಮನ ತವರು ಆ ನಾಲ್ಕರಲ್ಲೊಂದು. ಇಪ್ಪತ್ತು ವರ್ಷಕ್ಕೂ ಮೇಲೆ ಸುದ್ದಿಯೇ ಇಲ್ಲದ ಅಮ್ಮನ ಗೆಳತಿ ತೀರ್ಥಹಳ್ಳಿಯಲ್ಲಿದ್ದಾಳೆಂದು ಆ ಪಟ್ಟಿಯಿಂದಲೇ ತಿಳಿದದ್ದು. ಇಬ್ಬರೂ ಸಿಕ್ಕಾಗ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಮಧ್ಯಾಹ್ನವೆಲ್ಲ ಅತ್ತರು. ಆಮೇಲೆ ಅಮ್ಮ ನನಗೆ ಹೇಳಿದ್ದು ಇಷ್ಟೇ: "ಆ ಮನುಷ್ಯನ ಕೆಲ್ಸ ಬಿಟ್ಟೆ ಅಂದ್ರೆ ಈ ಮನೆಗೆ ಬರ್ಬೇಡ."

ಆ ಕಂಪ್ಯೂಟರಿಗೆ ಎರಡು ಫ್ಲಾಪಿ ಡ್ರೈವ್, ಅಷ್ಟೇ. ಒಂದರಲ್ಲಿ ಅದನ್ನು ಎಬ್ಬಿಸುವ ಫ್ಲಾಪಿ, ಇನ್ನೊಂದರಲ್ಲಿ ನಮ್ಮ ಪಟ್ಟಿಯದ್ದು. ಮಳೆಗಾಲ ಬಂದರೆ ಫ್ಲಾಪಿಗೂ ಬೂಷ್ಟು ಹಿಡಿಯುತ್ತದೆ ಎಂದು ನಮಗೆ ಯಾರೂ ಹೇಳಿರಲಿಲ್ಲ. ಕಪಾಟಿನೊಳಗೆ ಬಲ್ಬು ಉರಿಸಿ ಬೆಚ್ಚಗಿಟ್ಟೆ. ಕರೆಂಟು ನಾಲ್ಕು ದಿನ ಹೋಯಿತು. ಮೇಷ್ಟ್ರು ನನಗೆ ಹೇಳದೆ ಎರಡು ಫ್ಲಾಪಿಗಳನ್ನು ಮನೆಗೆ ಒಯ್ದು, ಒದ್ದೆ ಬಟ್ಟೆ ಒಣಗಿಸುವ ಹಾಗೆ, ಬಚ್ಚಲ ಒಲೆಯ ಮೇಲೆ ತೂಗುಹಾಕಿದರು. ಹಪ್ಪಳದ ಹಾಗೆ ಸೊಟ್ಟಗಾಗಿ ಬಂದವು. ಒಂದು ಇಡೀ ಕೇರಿ ಹೋಯಿತು.

"ಮೇಷ್ಟ್ರೇ, ಕಾಗದದ ಮೇಲೆ ಒಂದು ಪ್ರತಿ ಟೈಪ್ ಮಾಡಿ ಇಡೋಣ" ಎಂದೆ.

"ಆತು ಮಾರಾಯ್ತಿ, ಮಾಡಾಣ. ಪಟ್ಟಿ ಪೂರಾ ಆಗ್ಲಿ" ಎಂದರು. ಅವರ "ಮಾಡಾಣ" ಎಂದರೆ ಆಗುವುದಿಲ್ಲ ಎಂದರ್ಥ. ಪಟ್ಟಿಯಂತೂ ಎಂದೂ ಪೂರಾ ಆಗುವಂಥದ್ದಲ್ಲ, ಜನ ಒಂದೂರಿಂದ ಇನ್ನೊಂದೂರಿಗೆ ಹೋಗುತ್ತಲೇ ಇದ್ದರು.

ಬದಲಿಗೆ ಅವರು ಶಿವಮೊಗ್ಗದಿಂದ ಒಂದು ಹಳೆಯ ಹಾರ್ಡ್ ಡಿಸ್ಕ್ ತಂದರು. ಇಟ್ಟಿಗೆಯಷ್ಟು ಭಾರ. ಎರಡನೇ ಫ್ಲಾಪಿ ಡ್ರೈವನ್ನು ಉಗುರಿನಲ್ಲೇ ಬಿಚ್ಚಿ ತೆಗೆದು ಆ ಜಾಗಕ್ಕೆ ಇದನ್ನು ಕೂರಿಸಿದರೆ, ಜಾಗ ದೊಡ್ಡದು, ಡಿಸ್ಕ್ ಸಣ್ಣದು. ಅದಕ್ಕೆಂದೇ ತಗಡಿನ ಪಟ್ಟಿ ಸಿಗುತ್ತದೆ, ತರಿಸೋಣ ಎಂದೆ. ಮೇಷ್ಟ್ರು ಕೆಳಗಿಳಿದು ಹೋದವರು ಅಡಿಕೆ ಮರದ ದಬ್ಬೆ ಹಿಡಿದು ಬಂದರು. ಸೀಳಿ, ಕತ್ತಿಯಲ್ಲಿ ಹೆರೆದು, ಎರಡು ಬದಿಗೂ ತುರುಕಿದರು. ಅಲ್ಲಾಡಲಿಲ್ಲ! ನನಗೆ ಹೊಟ್ಟೆ ಉರಿದದ್ದು ಅದಕ್ಕೇ. ಸಂಜೆ ವೋಲ್ಟೇಜ್ ಇಳಿದರೆ ಡಿಸ್ಕ್ ತಿರುಗುತ್ತಿರಲಿಲ್ಲ, ಆದ್ದರಿಂದ ಬೆಳಗ್ಗೆಯೇ ಕೂತು ಪಟ್ಟಿಯನ್ನೆಲ್ಲ ಅದಕ್ಕೆ ಇಳಿಸಿದೆವು.

ಮಾರಿದವನು ಒಂದು ಎಚ್ಚರಿಕೆ ಕೊಟ್ಟಿದ್ದ. ಕಂಪ್ಯೂಟರನ್ನು ಅಲುಗಿಸುವ ಮೊದಲು ಒಂದು ಆಜ್ಞೆ ಕೊಟ್ಟು, ಡಿಸ್ಕಿನೊಳಗೆ ತಿರುಗುವ ತಟ್ಟೆಯ ಮೇಲಿನ ಮುಳ್ಳನ್ನು ಅಂಚಿಗೆ ಸರಿಸಬೇಕು. ಇಲ್ಲದಿದ್ದರೆ ಅದು ತಟ್ಟೆಯನ್ನು ಕೆರೆದುಹಾಕುತ್ತದೆ. ನಾನು ಅದನ್ನು ದಪ್ಪಕ್ಷರದಲ್ಲಿ ಬರೆದು ಡಬ್ಬದ ಮೇಲೆ ಅಂಟಿಸಿದೆ. ಫ್ಲಾಪಿಗಳನ್ನು ಮಾತ್ರ ಹಾಗೇ ಇಟ್ಟುಕೊಳ್ಳೋಣ ಎಂದು ಬೇಡಿಕೊಂಡೆ.

"ಹೆಂಗೂ ಬೂಷ್ಟು ಬರ್ತದೆ. ಹುಡುಗ್ರು ಕಲಿಲಿ ಬಿಡು" ಎಂದು ಎಲ್ಲವನ್ನೂ ಅಳಿಸಿ ಹಂಚಿಬಿಟ್ಟರು.

ಆ ಬೇಸಿಗೆಯಲ್ಲಿ ರಿಪ್ಪನ್‌ಪೇಟೆಯಲ್ಲೊಂದು ಮದುವೆ. ನಾಲ್ಕೂ ಊರಿನವರು ಅಲ್ಲಿ ಸೇರುವವರಿದ್ದರು. ಎಲ್ಲರೂ ಒಂದೇ ಕಡೆ ಸಿಗುವಾಗ ಪಟ್ಟಿಯನ್ನು ಅಲ್ಲೇ ತಿದ್ದಬೇಕು ಎಂದು ಮೇಷ್ಟ್ರಿಗೆ ಹೊಳೆಯಿತು. ನಾನು ಬರುವ ಮೊದಲೇ ಬಂದು, ಬಸ್ಸಿಗೆ ಹೊತ್ತಾಯಿತೆಂದು ವೈರು ಕಿತ್ತು, ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ ಹೊರಟೇಬಿಟ್ಟಿದ್ದರು. ನಾನು ಅಂಟಿಸಿದ ಚೀಟಿ ಕಂಬಳಿಯೊಳಗೆ ಇತ್ತು. ಆ ರಸ್ತೆಯ ಹೊಂಡಗಳನ್ನು ಕಂಡವರಿಗೆ ಮುಂದಿನದು ಹೇಳಬೇಕಾಗಿಲ್ಲ. ಮದುವೆ ಚಪ್ಪರದಲ್ಲಿ ಜನ ಮುತ್ತಿಕೊಂಡಿದ್ದಾಗ ಅವರು ಸ್ವಿಚ್ ಹಾಕಿದರಂತೆ. ಕಿರ್ರೆಂದು ಒಂದು ಸದ್ದು ಬಂತಂತೆ, ಆಮೇಲೆ ಏನೂ ಇಲ್ಲ.

ಮರುದಿನ ನಾನು ಬೈಯಲೆಂದೇ ಮೆಟ್ಟಿಲು ಹತ್ತಿದೆ. ಮೇಷ್ಟ್ರು ಕನ್ನಡ ಟೈಪ್‌ರೈಟರಿನ ಪಕ್ಕ ಕುರ್ಚಿ ಹಾಕಿಕೊಂಡು ಕಣ್ಣು ಮುಚ್ಚಿ ಕೂತಿದ್ದರು.

"ಕೂತ್ಕ. ಹೊಡಿ. ನಮ್ಮನೆ ಜಗ್ಲಿ ಇಳಿದ್ರೆ ಎದುರಿಗೆ ಬಸರಿ ಮರ. ಬಲಕ್ಕೆ ತಿರುಗು. ಮೊದ್ಲನೇ ಮನೆ..."

ಹಾಗೆ ಮೂರು ವಾರ. ಕಣ್ಣು ಮುಚ್ಚಿ ನಾಲ್ಕೂ ಊರು ನಡೆದರು. ನಾನು ಅವಸರ ಮಾಡಿದರೆ "ತಡಿ ಮಾರಾಯ್ತಿ, ಬೇಲಿ ದಣಪೆ ದಾಟ್ತಿದೀನಿ" ಎನ್ನುತ್ತಿದ್ದರು. ಪ್ರತಿ ದಿನವೂ ಹೊರಡುವುದು ಅದೇ ಜಗಲಿಯಿಂದ, ಅದೇ ಬಸರಿ ಮರದಿಂದ. ಅವರನ್ನು ಕೇಳದೆ ನಾನು ಮೂರು ಕಾರ್ಬನ್ ಹಾಕಿ ಹೊಡೆದೆ. ಕೊನೆಯ ಹಾಳೆ ತೆಗೆಯುವಾಗ ನೋಡುತ್ತೇನೆ, ಮೇಷ್ಟ್ರು ಇನ್ನೊಂದು ಹಾರ್ಡ್ ಡಿಸ್ಕಿಗೆ ದಬ್ಬೆ ಹೆರೆಯುತ್ತಿದ್ದಾರೆ. "ಇದು ಮೊದ್ಲಿನ ಹಂಗಲ್ಲ, ಗಟ್ಟಿ" ಎಂದರು. ನಾನು ಮಾತು ಬಿಟ್ಟೆ, ಎರಡು ದಿನ.

ಮುಂದಿನ ಮಳೆಗಾಲ ಮುಗಿಯುವ ಹೊತ್ತಿಗೆ ಅವರು ಎದೆನೋವೆಂದು ಮಲಗಿದವರು ಏಳಲಿಲ್ಲ. ಹದಿಮೂರನೇ ದಿನ ಊಟವಾದ ಮೇಲೆ ಅವರ ಹೆಂಡತಿ ನನ್ನ ಪಕ್ಕ ಬಂದು ಕೂತರು. ಅವರು ತೀರ್ಥಹಳ್ಳಿ ಕಡೆಯವರು. ಮದುವೆಯಾಗಿ ಬರುವ ಹೊತ್ತಿಗೆ ಮೇಷ್ಟ್ರ ಊರಿನ ಮನೆ ನೀರಿನಡಿಯಲ್ಲಿತ್ತು.

"ನಮ್ಮನೆ ಹಾಳೆ ಓದೇ. ನಾ ನೋಡೇ ಇಲ್ಲ" ಎಂದರು.

ಹುಡುಕಿದೆ. ಎಲ್ಲ ಪ್ರತಿಗಳಲ್ಲೂ ಹುಡುಕಿದೆ. ಇರಲಿಲ್ಲ. ಎಲ್ಲರ ಮನೆಗೂ ದಾರಿ ಅವರ ಜಗಲಿಯಿಂದ ಹೊರಡುತ್ತಿತ್ತು, ಜಗಲಿಯ ಹಿಂದಿನ ಮನೆಯೊಳಕ್ಕೆ ಅವರು ಒಮ್ಮೆಯೂ ತಿರುಗಿರಲಿಲ್ಲ. ಪಕ್ಕದಲ್ಲೇ ಕೂತು ಹೊಡೆದ ನಾನೂ ಕೇಳಿರಲಿಲ್ಲ. ಸತ್ತ ಮನುಷ್ಯನ ಮೇಲೆ ಅಷ್ಟು ಸಿಟ್ಟು ಬರಬಹುದೆಂದು ನನಗೆ ಗೊತ್ತಿರಲಿಲ್ಲ. ಅದರಲ್ಲಿ ಅರ್ಧ ನನ್ನ ಮೇಲಿನದೇ.

ಆ ಭಾನುವಾರ ಬೈದುಕೊಳ್ಳುತ್ತಲೇ ರಿಪ್ಪನ್‌ಪೇಟೆ ಬಸ್ಸು ಹತ್ತಿದೆ. ಮೇಷ್ಟ್ರ ಊರಿನವರೇ ಆದ ಮುದುಕರೊಬ್ಬರು ಅಲ್ಲಿದ್ದರು. ಕಣ್ಣು ಕಾಣಿಸುತ್ತಿರಲಿಲ್ಲ, ಸಾವಿನ ಸುದ್ದಿಯನ್ನು ಅವರಿಗೆ ಯಾರೂ ಮುಟ್ಟಿಸಿರಲಿಲ್ಲ. ನಾನೂ ಹೇಳಲಿಲ್ಲ. ಮೇಷ್ಟ್ರ ಮನೆ ಹೇಗಿತ್ತು ಎಂದಷ್ಟೇ ಕೇಳಿದೆ.

"ಅವ್ನ ಮನೆಯಾ? ನಮ್ಮನೆ ಜಗ್ಲಿ ಇಳಿ ಮಗಾ, ಎಡಕ್ಕೆ ತಿರುಗು. ಬಸರಿ ಮರ ಸಿಗ್ತದೆ. ಅಲ್ಲೇ ನಿಂತು ಕರಿ. ಇರ್ತಾನೆ."

ನಾನು ಅದನ್ನು ಹಾಗೆಯೇ ಬರೆದುಕೊಂಡೆ.