ಷಡ್ಡಕನ ಬೇಲಿಗೆ ಸುಟ್ಟ ಕಲ್ಲಿದ್ದಲು

ಉಕ್ಕು ತಯಾರಿಸುವುದರಿಂದ ಭೂಮಿಗೆ ಎಷ್ಟು ಪೆಟ್ಟು ಬೀಳುತ್ತದೆ ಎಂಬುದನ್ನು ನಾನು ಈ ವರ್ಷ ಬಹಳ ಮನಸ್ಸಿಟ್ಟು ಓದಿದೆ. ಪರಿಸರದ ಮೇಲಿನ ಪ್ರೀತಿಯಿಂದ ಎಂದುಕೊಂಡಿರಾ? ಅಲ್ಲ. ನನ್ನ ಷಡ್ಡಕ ಶಿವಶರಣಪ್ಪ ತನ್ನ ಹೊಲಕ್ಕೆ ಉಕ್ಕಿನ ಬೇಲಿ ಹಾಕಿಸಿದ್ದ. ಅದನ್ನು ನೋಡಿದ ದಿನದಿಂದ ನನಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ.

ನಮ್ಮ ಮಾವ ಗುರುಪಾದಪ್ಪನವರಿಗೆ ಇಬ್ಬರೇ ಹೆಣ್ಣುಮಕ್ಕಳು. ಹಿರಿಯವಳು ಸುವರ್ಣಾ, ನನ್ನ ಹೆಂಡತಿ. ಕಿರಿಯವಳು ಜಗದೇವಿ, ಶಿವಶರಣಪ್ಪನ ಹೆಂಡತಿ. ಮಾವ ತೀರಿಕೊಳ್ಳುವ ಮುನ್ನ ಗೊಬ್ಬೂರಿನ ಹೊಲವನ್ನು ಎರಡು ಭಾಗ ಮಾಡಿ ಇಬ್ಬರಿಗೂ ಕೊಟ್ಟರು. ನಡುವೆ ಒಂದು ಬದು. ಬದುವಿನ ಮೇಲೆ ಅವರ ಕಾಲದ್ದೇ ಜಾಲಿ ಮುಳ್ಳಿನ ಬೇಲಿ. ನಾನು ಆಳಂದದ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವವನು, ನಮ್ಮ ಭಾಗವನ್ನು ಪಾಲಿಗೆ ಕೊಟ್ಟಿದ್ದೇನೆ. ಶಿವಶರಣಪ್ಪ ಜೇವರ್ಗಿಯಲ್ಲಿ ತೊಗರಿ ವ್ಯಾಪಾರ ಮಾಡುತ್ತಾನೆ. ಆದರೂ ವಾರಕ್ಕೆರಡು ಸಲ ಗೊಬ್ಬೂರಿಗೆ ಬಂದು, ತಾನೇ ನಿಂತು ಹೊಲ ಮಾಡಿಸುತ್ತಾನೆ.

ಷಡ್ಡಕರ ನಡುವಿನ ಹೊಟ್ಟೆಕಿಚ್ಚಿನ ಬಗ್ಗೆ ಯಾರೂ ಯಾಕೆ ಬರೆಯುವುದಿಲ್ಲವೋ ಕಾಣೆ. ಅಣ್ಣ ತಮ್ಮಂದಿರ ಜಗಳಕ್ಕೆ ಕೋರ್ಟು ಇದೆ, ಅತ್ತೆ ಸೊಸೆಯರ ಜಗಳಕ್ಕೆ ಟಿವಿ ಇದೆ. ಒಂದೇ ಮನೆಗೆ ಅಳಿಯಂದಿರಾದ ಇಬ್ಬರು ಗಂಡಸರ ಸಂಕಟಕ್ಕೆ ಏನಿದೆ? ನಾನು ಮಾವನ ಮನೆಗೆ ಹೋದರೆ ‘ಸರ್ ಬಂದ್ರು’ ಎಂದು ಕುರ್ಚಿ ಹಾಕುತ್ತಿದ್ದರು. ಅವನು ಹೋದರೆ ಒಲೆಯ ಮುಂದೆಯೇ ಕೂರಿಸಿಕೊಂಡು ಬಿಸಿ ಹೋಳಿಗೆ ಹಾಕುತ್ತಿದ್ದರು. (ಕುರ್ಚಿಗೆ ಬರುವಷ್ಟರಲ್ಲಿ ಹೋಳಿಗೆ ಆರಿರುತ್ತಿತ್ತು.) ನನಗಿಂತ ಆರು ವರ್ಷ ಚಿಕ್ಕವನು. ತಲೆತುಂಬ ಕೂದಲು ಬೇರೆ.

ಇರಲಿ. ಎಳ್ಳ ಅಮಾವಾಸ್ಯೆಯ ದಿನಕ್ಕೆ ಬರುತ್ತೇನೆ.

ನಮ್ಮ ಕಡೆ ಅವತ್ತು ಯಾರೂ ಮನೆಯಲ್ಲಿ ಇರುವುದಿಲ್ಲ. ಸಜ್ಜೆ ರೊಟ್ಟಿ, ಭಜ್ಜಿ, ಕಡಬು, ಶೇಂಗಾ ಹೋಳಿಗೆ ಬುಟ್ಟಿಗೆ ತುಂಬಿಕೊಂಡು ಹೊಲಕ್ಕೆ ಹೋಗುತ್ತೇವೆ. ಭೂಮಿತಾಯಿಗೆ ಪೂಜೆ ಮಾಡಿ, ನೈವೇದ್ಯದ ಅಡಿಗೆಯನ್ನು ಚರಗ ಎಂದು ಹೊಲದ ತುಂಬ ಚೆಲ್ಲಿ, ಆಮೇಲೆ ಊಟ. ಹವಳಗಾದ ಸಕ್ಕರೆ ಫ್ಯಾಕ್ಟರಿ ಕಡೆ ಹೊರಟ ಕಬ್ಬಿನ ಟ್ರ್ಯಾಕ್ಟರುಗಳನ್ನು ಒಂದೊಂದಾಗಿ ಹಿಂದೆ ಹಾಕಿ ನಾವು ಗೊಬ್ಬೂರು ಮುಟ್ಟಿದಾಗ ಹನ್ನೊಂದು ಗಂಟೆ. ಹೊಲದ ತಿರುವಿನಲ್ಲಿ ನನ್ನ ಕಣ್ಣು ಕೋರೈಸಿತು. ಶಿವಶರಣಪ್ಪನ ಹೊಲದ ನಾಲ್ಕೂ ಕಡೆ ಚೈನ್‌ಲಿಂಕ್ ಬೇಲಿ ಫಳಫಳ ಹೊಳೆಯುತ್ತಿತ್ತು. ಎದುರಿಗೆ ಎರಡು ಬಾಗಿಲಿನ ದೊಡ್ಡ ಸ್ಟೀಲ್ ಗೇಟು. ಅದರ ಮೇಲೆ ಲೇಸರಿನಲ್ಲಿ ಕತ್ತರಿಸಿದ ಅಕ್ಷರ: ಗುರುಪಾದಪ್ಪನವರ ಹೊಲ.

ಸುವರ್ಣಾ ಕಾರಿನಿಂದ ಇಳಿದು ಆ ಹೆಸರನ್ನು ಒಮ್ಮೆ ಗಟ್ಟಿಯಾಗಿ ಓದಿದಳು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ನೋಡಿ, ಬೇಲಿಯನ್ನಾದರೂ ಸಹಿಸಬಹುದಿತ್ತು. ನನ್ನ ಹೆಂಡತಿಯ ಅಪ್ಪನ ಹೆಸರನ್ನು ಅವನು ಬರೆಸಬೇಕೆ? ಅದಕ್ಕೆ ನನ್ನ ಹೆಂಡತಿ ಅಳಬೇಕೆ? ಇಷ್ಟು ವರ್ಷ ನನಗೆ ಒಂದು ತಗಡಿನ ಮೇಲೆ ಬಣ್ಣದಲ್ಲಾದರೂ ಆ ಹೆಸರು ಬರೆಸಬೇಕು ಅಂತ ಹೊಳೆದಿರಲಿಲ್ಲ.

ನಡುವಿನ ಜಾಲಿ ಬೇಲಿ ಮಾಯವಾಗಿತ್ತು. ಅದರ ಜಾಗದಲ್ಲಿ ಸಿಮೆಂಟಿನಲ್ಲಿ ಹೂತ ಉಕ್ಕಿನ ಕಂಬಗಳ ಸಾಲು, ಸಾಲಿನ ಉದ್ದಕ್ಕೂ ತಂತಿ. ಆ ಕಡೆ ಅವನ ತೊಗರಿ ಎದೆಯೆತ್ತರ, ಕಾಯಿ ಜಗ್ಗಿ ನಿಂತಿತ್ತು. ಈ ಕಡೆ ನನ್ನ ತೊಗರಿಯನ್ನು ಕಾಡುಹಂದಿಗಳು ಹೊರಳಾಡಿ ಮಲಗಿಸಿದ್ದವು. ಅಲ್ಲಿ ದಾರಿ ಸಿಗದ ಹಂದಿ ಇಲ್ಲಿಗೆ ಬಾರದೆ ಎಲ್ಲಿಗೆ ಹೋಗಬೇಕು?

ಶಿವಶರಣಪ್ಪ ನಗುತ್ತ ಬಂದು ಕಾಲು ಮುಟ್ಟಿ ನಮಸ್ಕರಿಸಿದ. ಬೇಲಿ ಚೆನ್ನಾಗಿದೆ ಎಂದೆ. ಅವತ್ತು ಹೋಳಿಗೆ ಕೂಡ ಕಹಿಯಾಗಿತ್ತು.

ಆಳಂದಕ್ಕೆ ಬಂದವನೇ ನಾನು ನನ್ನದೇ ಪಾಠದ ನೋಟ್ಸ್ ತೆಗೆದೆ. ಊದುಕುಲುಮೆಯಲ್ಲಿ ಕಬ್ಬಿಣ ತೆಗೆಯುವ ವಿಧಾನ. ಐದು ಮಾರ್ಕಿನ ಪ್ರಶ್ನೆ. ಅದಿರು, ಕೋಕ್, ಸುಣ್ಣದಕಲ್ಲು ಎಂದು ಎಷ್ಟೋ ವರ್ಷಗಳಿಂದ ಬೋರ್ಡಿನ ಮೇಲೆ ಬರೆದು ಅಳಿಸಿದ್ದೇನೆ. ಒಮ್ಮೆಯೂ ಅದರ ಬಿಸಿ ನನಗೆ ತಟ್ಟಿರಲಿಲ್ಲ. ಈಗ ತಟ್ಟಿತು. ಎಲ್ಲೋ ಒಂದು ಗುಡ್ಡ ಬಗೆಯಬೇಕು. ಹಡಗಿನಲ್ಲಿ ಕಲ್ಲಿದ್ದಲು ತರಿಸಬೇಕು. ಅದಿರಿನಲ್ಲಿರುವ ಆಮ್ಲಜನಕವನ್ನು ಇದ್ದಲಿನ ಇಂಗಾಲ ಕಿತ್ತುಕೊಂಡು ಹೊಗೆಯಾಗಿ ಮೇಲೆ ಹೋಗಬೇಕು, ಆಗ ಕಬ್ಬಿಣ. ಅದನ್ನು ಉಕ್ಕು ಮಾಡಿ, ಮತ್ತೆ ಕಾಯಿಸಿ ತಂತಿ ಎಳೆದು, ಸತುವಿನಲ್ಲಿ ಅದ್ದಿ, ಲಾರಿಗೆ ಹೇರಿ ಗೊಬ್ಬೂರಿಗೆ ತರಬೇಕು. ಪ್ರತಿ ಕಂಬದ ಬುಡಕ್ಕೆ ಸಿಮೆಂಟು, ಅದರದು ಬೇರೆ ಕುಲುಮೆ. ಇಷ್ಟೆಲ್ಲ ಯಾಕೆ? ಪುಕ್ಕಟೆ ಬೆಳೆದ, ಹಕ್ಕಿ ಗೂಡು ಕಟ್ಟುತ್ತಿದ್ದ, ಒಣಗಿದರೆ ಒಲೆಗೆ ಆಗುತ್ತಿದ್ದ ಒಂದು ಮುಳ್ಳಿನ ಬೇಲಿಯನ್ನು ಕಡಿಯಲಿಕ್ಕೆ!

ನಿಜ ಹೇಳುತ್ತೇನೆ, ಇದನ್ನು ಓದುತ್ತ ಓದುತ್ತ ನನಗೆ ಎಷ್ಟು ಸಮಾಧಾನವಾಯಿತು ಗೊತ್ತೆ? ಅವನ ಬೇಲಿ ಪಾಪದ ಬೇಲಿ ಎಂಬುದಕ್ಕೆ ಸೈನ್ಸೇ ಸಾಕ್ಷಿ.

ಇನ್ನಷ್ಟು ಸಾಕ್ಷಿ ಬೇಕೆನಿಸಿ ನಮ್ಮ ಓಣಿಯ ಗೇಟ್ ಮಾಡುವ ಇಸ್ಮಾಯಿಲ್‌ನ ಅಂಗಡಿಗೆ ಹೋದೆ. ಉಕ್ಕಿನ ಬೇಲಿಯಲ್ಲಿ ಏನೇನು ಕೆಟ್ಟದ್ದಿದೆ ಹೇಳಪ್ಪ ಎಂದು ಕೇಳಿದೆ. ಅವನು ವೆಲ್ಡಿಂಗ್ ಕನ್ನಡಕ ಹಣೆಗೆ ಏರಿಸಿ ನನ್ನನ್ನು ಒಂದು ಕ್ಷಣ ನೋಡಿದ.

“ಯಾರ ಗೇಟ್ ನೋಡಿ ಬಂದ್ರಿ ಸರ್?”

ಅವನೇ ಹೇಳಿದ. ತನ್ನ ಅಂಗಡಿಗೆ ಬರುವವರಲ್ಲಿ ಗೇಟು ಮುರಿದವರು ಕಡಿಮೆಯಂತೆ, ಎದುರು ಮನೆಯ ಗೇಟು ನೋಡಿದವರೇ ಹೆಚ್ಚಂತೆ. ಒಳ್ಳೆಯ ಗಟ್ಟಿ ಗೇಟನ್ನು ಕಿತ್ತು ಗುಜರಿಗೆ ಹಾಕಿ ಹೊಸ ಡಿಸೈನ್ ಕೇಳುತ್ತಾರಂತೆ. ಉಕ್ಕಿನ ದೋಷ ಏನೂ ಇಲ್ಲ ಎಂದು ಅವನು ವಾದಿಸಿದ. ಸತುವಿನ ಲೇಪ ದಪ್ಪ ಇದ್ದರೆ ಮೊಮ್ಮಕ್ಕಳ ಕಾಲಕ್ಕೂ ನಿಲ್ಲುತ್ತದೆ, ತೆಳ್ಳಗಿದ್ದರೆ ಬೇಗ ತುಕ್ಕು. ಹಳೆಯದನ್ನು ಕರಗಿಸಿದರೆ ಮತ್ತೆ ಉಕ್ಕೇ, ಗುಡ್ಡ ಬಗೆಯುವ ಕೆಲಸವಿಲ್ಲ. ಸಿಮೆಂಟಿನ ಬುಡ ಮಾತ್ರ ವಾಪಸ್ ಬರುವುದಿಲ್ಲ. “ಇಪ್ಪತ್ತು ವರ್ಷ ನಿಲ್ಲೋದನ್ನ ಐದು ವರ್ಷಕ್ಕ ಕಿತ್ತಿದ್ರ ಅದು ಕಬ್ಬಿಣದ ತಪ್ಪೇನ್ರಿ?”

ಇಸ್ಮಾಯಿಲ್‌ನ ಮಾತಿನಲ್ಲಿ ನನಗೆ ಬೇಕಾದಷ್ಟನ್ನು ಮಾತ್ರ ಹೆಕ್ಕಿಕೊಂಡು ಮನೆಗೆ ಬಂದೆ. (ಸಿಮೆಂಟಿನ ಬುಡ.)

ಸಂಕ್ರಾಂತಿಗೆ ಎಳ್ಳು ಕೊಡಲು ಜೇವರ್ಗಿಗೆ ಹೋದೆವು. ಊಟವಾಯಿತು. ಬೇಲಿ ಹೇಗನಿಸಿತು ಎಂದು ಜಗದೇವಿ ತಾನಾಗಿಯೇ ಕೇಳಿದಳು. ಇದಕ್ಕೇ ಕಾದಿದ್ದೆನಲ್ಲ? ಶುರು ಮಾಡಿದೆ. ಗುಡ್ಡ, ಹಡಗು, ಕುಲುಮೆ, ಸತು, ಸಿಮೆಂಟು, ಒಂದನ್ನೂ ಬಿಡಲಿಲ್ಲ. ಮಾವನವರ ಕೈಯಿಂದ ಬೆಳೆದ ಜಾಲಿಯನ್ನು ಕಡಿಯುವಾಗ ಕೈ ಹೇಗೆ ಬಂತು ಎಂದೂ ಕೇಳಿಬಿಟ್ಟೆ. ಜಗದೇವಿ ತಲೆ ತಗ್ಗಿಸಿದಳು. ಸುವರ್ಣಾ ಕಣ್ಣಲ್ಲೇ ನನ್ನನ್ನು ತಡೆಯಲು ನೋಡಿದಳು. ಕ್ಲಾಸಿನಲ್ಲಿ ಕೂಡ ಅಷ್ಟು ಚೆನ್ನಾಗಿ ನಾನು ಎಂದೂ ಪಾಠ ಮಾಡಿರಲಿಕ್ಕಿಲ್ಲ.

ಶಿವಶರಣಪ್ಪ ಎಲ್ಲವನ್ನೂ ಕೇಳಿದ. ಸಿಟ್ಟಾಗಲಿಲ್ಲ. ಮೆಲ್ಲಗೆ ಹೇಳಿದ:

“ಜಾಲಿ ಕಡದಿದ್ದು ನನ್ನ ತಪ್ಪು ಅಣ್ಣಾ, ಒಪ್ಕೋತೇನಿ. ಆದ್ರ ಎರಡೂ ಹೊಲಕ್ಕ ಕೂಡಿ ಒಂದ ಬೇಲಿ ಹಾಕೋಣಂತ ನಿಮಗ ಮೂರು ಸಲ ಫೋನ್ ಮಾಡಿದ್ದೆ. ವಾಟ್ಸಾಪಿಗೂ ಹಾಕಿದ್ದೆ. ಹಂಗ ಹಾಕಿದ್ರ ನಡುವಿನ ಸಾಲು ಬೇಕಾಗತಿದ್ದಿಲ್ಲ. ಜಾಲೀನೂ ಉಳೀತಿತ್ತು.”

ತನಗಾದರೂ ಹೇಳಬಾರದಿತ್ತೆ ಎಂದು ಸುವರ್ಣಾ ಕೇಳಿದಳು.

“ಅಣ್ಣಾರು ಸುಮ್ನಿದ್ದಾಗ ನಿಮಗ ಹೇಳಿದ್ರ ಅವರಿಗೆ ಕೆಳಗ ಮಾಡಿದಂಗ ಆಗ್ತದಲ್ರಿ ಅಕ್ಕಾ” ಎಂದ.

ನಾನು ಫೋನ್ ತೆಗೆದೆ. ಒಂದು ವಿಷಯ ನಿಮಗೆ ಹೇಳಬೇಕು. ಶಿವಶರಣಪ್ಪ ದಿನಾ ಬೆಳಿಗ್ಗೆ ತನ್ನ ತೊಗರಿಯ ಫೋಟೋ ಕಳಿಸುತ್ತಾನೆ ಎಂಬ ಕಾರಣಕ್ಕೆ ಅವನ ವಾಟ್ಸಾಪನ್ನು ನಾನು ಮ್ಯೂಟ್ ಮಾಡಿದ್ದೆ. ಕರೆ ಬಂದರೆ, ಹೊಸ ಟ್ರ್ಯಾಕ್ಟರಿನ ಸುದ್ದಿ ಇರಬೇಕು ಎಂದು ಎತ್ತುತ್ತಿರಲಿಲ್ಲ. ಈಗ ಹಿಂದೆ ಹಿಂದೆ ಸರಿಸುತ್ತ ಹೋದರೆ, ತೊಗರಿಯ ಫೋಟೋಗಳ ನಡುವೆ ಒಂದು ಹಾಳೆಯ ಚಿತ್ರ ಸಿಕ್ಕಿತು. ಪೆನ್ನಿನಲ್ಲಿ ಬರೆದ ಎರಡು ಹೊಲ. ಸುತ್ತ ಒಂದೇ ಗೆರೆ. ನಡುವೆ ಚಿಕ್ಕ ಚಿಕ್ಕ ಗಿಡದ ಗುರುತು ಹಾಕಿ ‘ಮಾವನೋರ ಜಾಲಿ’ ಎಂದು ಬರೆದಿದ್ದ. ಅದರ ಕೆಳಗೆ ವಾರದ ನಂತರದ ಇನ್ನೊಂದು ಮೆಸೇಜು: ‘ಅಣ್ಣಾ, ಉತ್ತರ ಬರಲಿಲ್ಲ. ಕೆಲಸದೋರು ಬಂದಾರ. ಸದ್ಯ ನಮ್ಮ ಕಡೀದಷ್ಟ ಹಾಕಿಸ್ತೇನಿ.’

ಸುವರ್ಣಾ ನನ್ನ ಭುಜದ ಮೇಲಿಂದ ಬಗ್ಗಿ ಎಲ್ಲವನ್ನೂ ಓದಿದಳು.

ಆಳಂದಕ್ಕೆ ವಾಪಸ್ ಬರುವ ದಾರಿಯಲ್ಲಿ ಅವಳು ಒಂದೇ ಒಂದು ಕೇಳಿದಳು. “ಫೋನ್ ಎತ್ತಿದ್ರ ನಿಮ್ಮ ಗಂಟೇನ್ ಹೋಗತಿತ್ರಿ?”

ನಡುವಿನ ಆ ಉದ್ದನೆಯ ಸಾಲು, ಅಷ್ಟೂ ಕಂಬ, ಅಷ್ಟೂ ತಂತಿ, ಅಷ್ಟೂ ಸಿಮೆಂಟು ಯಾವ ಹಂದಿಯನ್ನೂ ತಡೆಯಲಿಕ್ಕೆ ಹುಟ್ಟಿದ್ದಲ್ಲ. ಒಬ್ಬ ಮೇಷ್ಟ್ರು ಫೋನ್ ಎತ್ತಲಿಲ್ಲ ಎಂಬುದಕ್ಕೆ ಹುಟ್ಟಿದ್ದು. ಅದಿರಿನಿಂದ ಗುಜರಿಯವರೆಗೆ ಉಕ್ಕಿನ ಜಾತಕ ಬರೆಯುವ ವಿಜ್ಞಾನಿಗಳು ಗಣಿ, ಕುಲುಮೆ, ಲಾರಿ ಎಲ್ಲವನ್ನೂ ಹಿಡಿಯುತ್ತಾರೆ. ಷಡ್ಡಕನ ಹೊಟ್ಟೆಕಿಚ್ಚನ್ನು ಯಾವ ಕಾಲಮ್ಮಿನಲ್ಲಿ ಹಿಡಿಯುತ್ತಾರೆ? ನಮ್ಮ ಕಡೆ ಗಟ್ಟಿಯಿದ್ದ ಎಷ್ಟು ಗೇಟುಗಳು ಎದುರು ಮನೆಯ ಗೇಟಿನ ದೆಸೆಯಿಂದ ಗುಜರಿಗೆ ಹೋಗಿವೆ? ಇಸ್ಮಾಯಿಲ್ ಹೇಳಿದ್ದನ್ನು ನಾನು ಅವತ್ತೇ ಪೂರ್ತಿ ಕೇಳಿಸಿಕೊಳ್ಳಬೇಕಿತ್ತು.

ಮರುದಿನ ನಾನೇ ಶಿವಶರಣಪ್ಪನಿಗೆ ಫೋನ್ ಮಾಡಿದೆ. ತಪ್ಪಾಯ್ತು ಎನ್ನಲು ಮಾಡಿದವನು ತೊಗರಿಯ ರೇಟು ಕೇಳಿದೆ. ತಪ್ಪಾಯ್ತು ಎನ್ನುವ ಮೊದಲೇ ಅವನು, ತೊಗರಿ ರಾಶಿ ಆಗಲಿ ಅಣ್ಣಾ, ನಡುವಿನ ಸಾಲು ಬಿಚ್ಚೋಣ ಎಂದ.

ಕೊಯ್ಲು, ರಾಶಿ ಎಲ್ಲ ಮುಗಿದ ಮೇಲೆ ಬಿಚ್ಚಿದೆವು. ತಂತಿಯನ್ನು ಸುರುಳಿ ಸುತ್ತಿ ತೆಗೆಯಲು ಎರಡು ದಿನ ಹಿಡಿಯಿತು. ಕಂಬಗಳು ಮೇಲೇಳಲಿಲ್ಲ, ಬುಡಕ್ಕೆ ಕತ್ತರಿಸಬೇಕಾಯಿತು. ಒಂದೊಂದು ಕಂಬ ಮೊಳದಷ್ಟು ಗಿಡ್ಡವಾಯಿತು. ಸಿಮೆಂಟಿನ ಬುಡಗಳು ನಮ್ಮ ಎರೆಮಣ್ಣಿನಲ್ಲಿ ಹಾಗೇ ಕೂತಿವೆ, ಕುಂಟೆ ಹೊಡೆಯುವಾಗ ತಾಗುತ್ತವೆ. ಆ ಗಿಡ್ಡ ಕಂಬಗಳಿಗೆ ತುಂಡು ಬೆಸೆದು, ಅದೇ ತಂತಿಯನ್ನು ನನ್ನ ಹೊಲದ ಸುತ್ತ ಎಳೆಸಿದೆವು. ಕಡಿಮೆ ಬಿದ್ದಷ್ಟನ್ನು ಮಾತ್ರ ಹೊಸದು ತಂದೆವು. ನನ್ನ ಹೊಲದ ಉತ್ತರದ ಬದುವಿನಲ್ಲಿ ಹಳೆಯ ಜಾಲಿ ಇನ್ನೂ ಉಳಿದಿತ್ತು. ಅದನ್ನು ಕಡಿಯದೆ, ಒಳಬದಿಯಿಂದ ತಂತಿ ಹಾಯಿಸೋಣ, ಮುಳ್ಳೂ ಇರಲಿ ಹಕ್ಕಿಯೂ ಇರಲಿ ಎಂದ ಶಿವಶರಣಪ್ಪ.

ಆ ಐಡಿಯಾ ನನಗೆ ಹೊಳೆಯಬೇಕಿತ್ತು. ಪರಿಸರದ ಭಾಷಣ ಮಾಡಿದವನು ನಾನು ತಾನೆ? ಆ ದಿನವಿಡೀ ಸುವರ್ಣಾ ಅವನನ್ನು ಹೊಗಳಿದಳು. ಹೌದು ಹೌದು ಎನ್ನುತ್ತ ನಾನು ತಂತಿ ಹಿಡಿದು ನಿಂತಿದ್ದೆ. ನನ್ನ ರೋಗ ವಾಸಿಯಾಗಿದೆ ಎಂದು ಸುಳ್ಳು ಹೇಳಲಾರೆ. ಆದರೆ ಅವನ ವಾಟ್ಸಾಪನ್ನು ಅನ್‌ಮ್ಯೂಟ್ ಮಾಡಿದ್ದೇನೆ. ದಿನಾ ಬೆಳಿಗ್ಗೆ ತೊಗರಿ ನೋಡುತ್ತೇನೆ. ಕಷ್ಟವಾಗುತ್ತದೆ, ನೋಡುತ್ತೇನೆ.

ಬೇಲಿ ಮುಗಿದ ಮೇಲೆ ಹಂದಿಗಳೇನೂ ಊರು ಬಿಟ್ಟು ಹೋಗಲಿಲ್ಲ. ನನ್ನ ಹೊಲದ ಆಚೆ ಭೀಮರಾಯನ ಹೊಲ. ಈಗ ಅಲ್ಲಿಗೆ ಹೋಗುತ್ತಿವೆಯಂತೆ. ಹೋದ ವಾರ ಭೀಮರಾಯ ನಮ್ಮ ಬದುವಿಗೆ ಬಂದು ನಿಂತ. ತಂತಿಯನ್ನು ಬೆರಳಿನಿಂದ ಮೀಟಿ ನೋಡಿದ. ಹಂದಿಯ ಸುದ್ದಿ ಎತ್ತಲಿಲ್ಲ. ಬಹಳ ನೊಂದವನ ಹಾಗೆ ಕೇಳಿದ:

“ನಡುವಿನ ಜಾಲಿ ಕಡದುಬಿಟ್ರಲ್ರಿ ಸರ್, ಪಾಪ ಆ ಕೌಜುಗದ ಹಕ್ಕಿ ಎಲ್ಲಿ ಹೋಗಬೇಕ್ರಿ?”

ವರ್ಷಕ್ಕೆ ನಾಲ್ಕು ಸಲ ಅದೇ ಜಾಲಿಯಲ್ಲಿ ಉರುಲು ಹಾಕಿ ಕೌಜುಗದ ಸಾರು ಉಣ್ಣುತ್ತಿದ್ದವನು ಈ ಭೀಮರಾಯ. ಇವನಿಗೆ ಹಕ್ಕಿಯ ಚಿಂತೆ ಯಾಕೆ ಹತ್ತಿತು ಎಂಬುದು ನನಗಲ್ಲದೆ ಇನ್ಯಾರಿಗೆ ತಿಳಿಯಬೇಕು?