ಇಪ್ಪತ್ತೈದನೆಯ ಫ್ರೇಮ್ ಎಲ್ಲಿ?

ಕೆಲವು ವರ್ಷಗಳ ಹಿಂದಿನ ಮಾತು. ಆಗ ನಾನು ರಾಯಚೂರಿನ ಒಂದು ಸ್ಟುಡಿಯೋದಲ್ಲಿ ಮದುವೆ ವಿಡಿಯೋಗಳ ಎಡಿಟರ್ ಆಗಿದ್ದೆ. ಮದುವೆ ಮನೆಯವರೆಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಸಾರಿಗೆ ಉಪ್ಪು ಹೆಚ್ಚಾದರೆ ಅಡುಗೆಯವನನ್ನು, ಮುಖ ಕಪ್ಪಗೆ ಬಂದರೆ ನಮ್ಮನ್ನು ಬೈಯುವ ಜನ. ದೇವದುರ್ಗದ ಬೀಗರಂತೂ ನನಗೆ ಕಳ್ಳನ ಪಟ್ಟವನ್ನೇ ಕಟ್ಟಿದರು.

ಮಾನ್ವಿ ತಾಲೂಕಿನ ಮಲ್ಲಟದ ಅಯ್ಯಣ್ಣ ತಮ್ಮ ಮಗಳು ರೇಣುಕಾಳನ್ನು ದೇವದುರ್ಗಕ್ಕೆ ಕೊಟ್ಟಿದ್ದರು. ಅಕ್ಷತೆ ಮುಗಿದು ಗಂಡಿನ ಕಡೆಯವರ ಫೋಟೊ ನಡೆದಿತ್ತು. ಅಳಿಯನಿಗೆ ಆಹೇರಿಯ, ಅಂದರೆ ಮದುವೆಯ ಉಡುಗೊರೆಯ ಬಟ್ಟೆ ಹಿಡಿದು ವೇದಿಕೆ ಹತ್ತಿದ ಅಯ್ಯಣ್ಣ ಕೆಳಗೆ ಬಿದ್ದು ಮುಂಗೈ ಮುರಿದುಕೊಂಡರು. ಫೋಟೊಗೆ ಅಡ್ಡ ಬಂದದ್ದಕ್ಕೆ ವರನ ಸೋದರಮಾವ ವೀರೇಶಪ್ಪ ನೂಕಿದರೆಂದು ಹೆಣ್ಣಿನ ಕಡೆಯವರು, ಕಾಲು ಜಾರಿತೆಂದು ಗಂಡಿನ ಕಡೆಯವರು. ವೀರೇಶಪ್ಪ ತಪ್ಪೊಪ್ಪಿಕೊಳ್ಳುವವರೆಗೆ ಗಂಡನ ಮನೆಗೆ ಹೋಗುವುದಿಲ್ಲವೆಂದು ರೇಣುಕಾ ತವರಿನಲ್ಲಿ ಕೂತಳು. ಕೊನೆಗೆ ವಿಡಿಯೋ ನೋಡಿಯೇ ತೀರ್ಮಾನ ಮಾಡೋಣವೆಂದು ಗಂಡ ಹೆಂಡತಿ ಸಮೇತ ಎರಡೂ ಕಡೆಯವರು ನನ್ನ ಕೋಣೆಗೆ ನುಗ್ಗಿದರು. ಚಹಾ ತರಿಸಿದೆ, ಯಾರೂ ಮುಟ್ಟಲಿಲ್ಲ.

ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ವಿಡಿಯೋವನ್ನು ಉದ್ದಕ್ಕೆ ಹಾಸಿಡುವ ಪಟ್ಟಿಗೆ ಟೈಮ್‌ಲೈನ್ ಎನ್ನುತ್ತಾರೆ. ನಮ್ಮ ವಿಡಿಯೋದಲ್ಲಿ ಒಂದು ಸೆಕೆಂಡಿಗೆ ಇಪ್ಪತ್ತೈದು ಚಿತ್ರ, ಅಂದರೆ ಫ್ರೇಮ್. ಗಂಟೆ, ನಿಮಿಷ, ಸೆಕೆಂಡಿನ ನಂತರದ ಎರಡು ಅಂಕಿ ಫ್ರೇಮಿನದು. ಅದು ಸೊನ್ನೆಯಿಂದ ಶುರುವಾಗಿ ಇಪ್ಪತ್ನಾಲ್ಕಕ್ಕೆ ಮುಗಿಯುತ್ತದೆ; ಆಮೇಲೆ ಸೆಕೆಂಡ್ ಒಂದು ಏರಿ ಮತ್ತೆ ಸೊನ್ನೆ. ಅಯ್ಯಣ್ಣನವರ ಹೆಗಲ ಮೇಲೆ ವೀರೇಶಪ್ಪನ ಕೈ ಬಿದ್ದದ್ದು ಇಪ್ಪತ್ನಾಲ್ಕರಲ್ಲಿ. ಸೊನ್ನೆಯಲ್ಲಿ ಅವರು ವಾಲತೊಡಗಿದ್ದರು.

ವೀರೇಶಪ್ಪ ಕುರ್ಚಿ ಒದ್ದು ಎದ್ದರು. “ಇಪ್ಪತ್ನಾಕರ ಮ್ಯಾಲ ಸೊನ್ನಿ ಬಂತು. ನಡುವಿನ ಇಪ್ಪತ್ತೈದು ಎಲ್ಲಿ ಹೋತ್ರೀ? ಕಾಲು ಜಾರಿದ್ದು ಅದರಾಗ ಇತ್ತು. ಕತ್ತರ್ಸಿ ಒಗದೀರಿ!”

ಮೈ ಉರಿಯಿತು. “ನಿಮ್ಮ ಮೊಬೈಲಿನಾಗ ಐವತ್ತೊಂಬತ್ತು ನಿಮಿಷದ ಮ್ಯಾಲ ಅರವತ್ತು ತೋರಸ್ತದೇನ್ರೀ?” ಎಂದೆ. ಸೊನ್ನೆಯನ್ನೂ ಸೇರಿಸಿದರೆ ಇಪ್ಪತ್ತೈದು ಸರಿಹೋಗುತ್ತದೆಂದು ಬೆರಳು ಮಡಚಿ ತೋರಿಸಿದೆ. ಒಪ್ಪಲಿಲ್ಲ. “ಎಲ್ಲಾರ ಮುಂದ ಒಂದೊಂದೇ ಬಿಡ್ರಿ. ಕಳವು ತಾನಾ ಹೊರಗ ಬರ್ತದ,” ಎಂದು ಹಟ ಹಿಡಿದರು.

ಬಾಣದ ಗುರುತಿನ ಕೀಲಿ ಒತ್ತುತ್ತ ಹೋದೆ. ಕೈ, ಹೆಗಲು, ವಾಲಿದ ಮೈ. ಎಲ್ಲಿಯೂ ಕೊಂಡಿ ತಪ್ಪಲಿಲ್ಲ. ವೀರೇಶಪ್ಪ ಅಂಕಿಗಳನ್ನೇ ನೋಡುತ್ತಿದ್ದರು. ರೇಣುಕಾ ಚಿತ್ರ ನೋಡುತ್ತಿದ್ದಳು.

“ಅಣ್ಣಾರ, ಅಲ್ಲೇ ನಿಲ್ಸ್ರಿ,” ಎಂದಳು. ಚಿತ್ರದ ಅಂಚಿನಲ್ಲಿ ವರ ಬಸವರಾಜ ನಿಂತಿದ್ದ. ಹೆಣ್ಣು ಕೊಟ್ಟ ಮಾವ ಬೀಳುತ್ತಿದ್ದರೆ ಅವನು ನಗುತ್ತಿದ್ದ.

“ನಿಲ್ಸಿದಾಗ ಮುಖ ಹಂಗ ಕಾಣ್ತದ,” ಎಂದ ಬಸವರಾಜ. ಮಾತು ಸುಳ್ಳಲ್ಲ. ಒಂದೇ ಫ್ರೇಮಿನಲ್ಲಿ ಅಳುವವನೂ ನಕ್ಕಂತೆ ಕಾಣಬಹುದು.

“ಮುಂದಿಂದು ಹಾಕ್ರಿ,” ಎಂದಳು ರೇಣುಕಾ. ನಗುತ್ತಿದ್ದ. ಅದರ ಮುಂದಿನದರಲ್ಲೂ. ಸೆಕೆಂಡ್ ಬದಲಾಗಿ ಅಂಕಿ ಮತ್ತೆ ಸೊನ್ನೆಗೆ ಬಂದರೂ ನಗು ಮುಗಿದಿರಲಿಲ್ಲ. ನನಗೇ ಹೇಸಿಗೆಯಾಯಿತು.

ರೇಣುಕಾ ಗಂಡನತ್ತ ತಿರುಗಿದಳು. “ನಿಮ್ಮ ಸೋದರಮಾವ ನೂಕಿದ್ದು ಹೆಂಗರ ನುಂಗಿಕೊಂತಿದ್ನಿ. ಇದನ್ನ ಹೆಂಗ ನುಂಗ್ಲಿ?” ಉತ್ತರಕ್ಕೆ ಕಾಯಲಿಲ್ಲ. “ಯಪ್ಪಾ, ಏಳು, ಊರಿಗೆ ಹೋಗೋಣು,” ಎಂದು ತಂದೆಯನ್ನು ಕರೆದುಕೊಂಡು ಮೆಟ್ಟಿಲಿಳಿದಳು. ವೀರೇಶಪ್ಪ ಇನ್ನೂ ನನ್ನನ್ನೇ ಬೈಯುತ್ತಿದ್ದರು.

ಆಮೇಲೂ ಇಂಥ ಜಗಳಗಳು ನನ್ನ ಮೇಜಿಗೆ ಬಂದಿವೆ. ಈಗ ಕಂಪ್ಯೂಟರ್ ಹಚ್ಚುವ ಮೊದಲೇ ಹೇಳಿಬಿಡುತ್ತೇನೆ: ಇನ್ನೊಬ್ಬರ ತಪ್ಪು ಹಿಡಿಯಲು ಒಂದೊಂದೇ ಫ್ರೇಮ್ ಬಿಡಿಸುವ ಮುನ್ನ, ಆ ಹೊತ್ತಿನಲ್ಲಿ ನೀವೆಲ್ಲಿ ನಿಂತಿದ್ದಿರಿ, ಏನು ಮಾಡುತ್ತಿದ್ದಿರಿ ಎಂದು ನೆನಪು ಮಾಡಿಕೊಳ್ಳಿ, ಕ್ಯಾಮೆರಾ ನಿಮ್ಮನ್ನೂ ಬಿಟ್ಟಿರುವುದಿಲ್ಲ.