ಮೇಸ್ತ್ರಿಗಳು ನೋಡದ ಗೋಪುರ

ಆ ಮನುಷ್ಯ ಸ್ಪೇನಿನಲ್ಲಿ ಗೋಪುರ ನೋಡಲಿಲ್ಲ. ಫೋಟೊದಲ್ಲಿ ಕತ್ತೆತ್ತಿ ನಿಂತಿದ್ದಾರೆ, ಬಾಯಿ ಸ್ವಲ್ಪ ತೆರೆದಿದೆ, ಬಲಗೈ ಇಟ್ಟಿಗೆಯ ಮೇಲಿದೆ. ಕಂಡವರೆಲ್ಲ ‘ಎಷ್ಟು ತನ್ಮಯರಾಗಿದ್ದಾರೆ’ ಅನ್ನುತ್ತಾರೆ. ತನ್ಮಯವೂ ಇಲ್ಲ, ಮಣ್ಣೂ ಇಲ್ಲ. ಕಣ್ಣು ಕಾಣುತ್ತಿರಲಿಲ್ಲ. ಪಕ್ಕದಲ್ಲಿ ನಿಂತಿದ್ದವಳು ನಾನು, ನನಗೆ ಗೊತ್ತು.

ಆ ಬಲಗೈಯ ನಡುಬೆರಳಿನ ಗೆಣ್ಣು ಶುಂಠಿಯ ಹಾಗೆ ಊದಿ ದಪ್ಪಗಾಗಿತ್ತು. ಮೂವತ್ತು ವರ್ಷಕ್ಕೂ ಮೇಲೆ ದುಬೈ, ಅಬುಧಾಬಿಗಳಲ್ಲಿ ನೆಲಕ್ಕೆ, ಗೋಡೆಗೆ ಟೈಲ್ಸ್ ಕೂರಿಸಿ, ಒಂದೊಂದನ್ನೂ ಆ ಗೆಣ್ಣಿನಿಂದ ತಟ್ಟಿ ನೋಡಿದ ಕೈ ಅದು. ಸರಿಯಾಗಿ ಕೂತದ್ದಾದರೆ ಗಟ್ಟಿ ಸದ್ದು, ಅಡಿಯಲ್ಲಿ ಸಿಮೆಂಟು ಹಿಡಿಯದಿದ್ದರೆ ಟೊಳ್ಳು ಸದ್ದು. ಕೆಲಸ ಬಿಟ್ಟು ದುಬೈಯ ಅಲ್ ಬರ್ಷಾದಲ್ಲಿ ನಮ್ಮ ಎದುರು ಫ್ಲ್ಯಾಟಿನಲ್ಲಿದ್ದ ತನ್ನ ಮಗಳ ಮನೆಗೆ ಬಂದ ಮೇಲೂ ಆ ಚಾಳಿ ಹೋಗಲಿಲ್ಲ. ಮೊದಲ ಸಲ ನಮ್ಮಲ್ಲಿಗೆ ಚಹಾಕ್ಕೆ ಬಂದ ಮೇಸ್ತ್ರಿಗಳು ಕುರ್ಚಿಯಲ್ಲಿ ಕೂರುವ ಬದಲು ಅಡಿಗೆಮನೆಯ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು ನೆಲ ತಟ್ಟಿದರು.

“ಅಕ್ಕಾ, ಇದರ ಹೊಟ್ಟೆ ಖಾಲಿ. ಗ್ರೈಂಡರ್ ಇದರ ಮೇಲೆ ಇಡಬೇಡಿ.”

“ನನ್ನ ಹೊಟ್ಟೆಯೂ ಖಾಲಿಯೇ ಮಾರಾಯ್ರೆ. ಮೊದಲು ಚಹಾ ಕುಡಿಯುವ.”

ನನ್ನದು ಐದನೇ ಕ್ಲಾಸು, ಅವರದು ಏಳು. ಮಕ್ಕಳು ಆಫೀಸಿಗೆ ಹೋದ ಮೇಲೆ ಕೂತು ಮಾತಾಡುತ್ತಿದ್ದೆವು. ಅವರಿಗೆ ಮಾತಾಡಲು ವಿಷಯ ಒಂದೇ. ಅಬುಧಾಬಿಯಲ್ಲಿ ಒಂದು ದೊಡ್ಡ ಬಂಗಲೆಯ ಕೆಲಸದಲ್ಲಿ ಜೊತೆಗಿದ್ದ ಮೊರೊಕ್ಕೋದವನೊಬ್ಬ ಹೇಳಿದ್ದನಂತೆ: ಸ್ಪೇನಿನಲ್ಲಿ ತೆರುಯೆಲ್ ಅಂತ ಸಣ್ಣ ಊರಿದೆ, ಅಲ್ಲಿಯ ಇಗರ್ಜಿಗಳ ಗೋಪುರಕ್ಕೆ ನೂರಾರು ವರ್ಷಗಳ ಹಿಂದೆ ಮುಸಲ್ಮಾನ ಕೆಲಸಗಾರರು ಇಟ್ಟಿಗೆ, ಹಸಿರು ಬಿಳಿ ಟೈಲು ಕೂರಿಸಿದ್ದಾರೆ, ಇನ್ನೂ ನಿಂತಿದೆ, ಹೋಗಿ ನೋಡು.

“ದೇವರು ಅವರದ್ದಲ್ಲ, ಊರು ಆಳುವವರು ಅವರವರಲ್ಲ. ಆದರೂ ಕೆಲಸ ಎಷ್ಟು ಚೊಕ್ಕ ಮಾಡಿದ್ದಾರೆ ನೋಡಬೇಕು ಅಕ್ಕಾ” ಅನ್ನುತ್ತಿದ್ದರು. ತಾನೂ ಹಾಗೇ ಬದುಕಿದವನು ಅಂತ ಬಾಯಿಬಿಟ್ಟು ಹೇಳಲಿಲ್ಲ.

ಅವರ ಮಗಳು, ನನ್ನ ಸೊಸೆ ಒಂದೇ ಆಫೀಸಿನವರು. ಮೊಮ್ಮಕ್ಕಳ ಶಾಲೆಯ ರಜೆಯಲ್ಲಿ ಎರಡು ಮನೆಯವರೂ ಸೇರಿ ಸ್ಪೇನಿಗೆ ಹೋಗುವುದೆಂದಾಯಿತು. ಉಳಿದವರಿಗೆ ಸಮುದ್ರ, ಅಂಗಡಿ. ಒಂದು ದಿನ ಮಾತ್ರ ಮೇಸ್ತ್ರಿಗಳು ಆಸೆಪಟ್ಟ ಆ ತೆರುಯೆಲ್ಲಿಗೆ.

ಹೊರಡಲು ತಿಂಗಳಿರುವಾಗ ನಾವಿಬ್ಬರು ಮೆಟ್ರೋದಲ್ಲಿ ಹೋದೆವು, ನನ್ನ ಮಂಡಿನೋವಿಗೆ ಎಣ್ಣೆ ತರಲು. ಇಲ್ಲಿ ಹೆಂಗಸರಿಗೆ ಬೇರೆ ಜಾಗ. ನೆಲದ ಮೇಲೆ ಗುಲಾಬಿ ಪಟ್ಟೆ ಇರುತ್ತದೆ, ಗಂಡಸರು ದಾಟಿದರೆ ದಂಡ. ನಾನು ಒಳಗೆ ಕೂತಿದ್ದೆ. ಪಟ್ಟೆಯ ಆಚೆ ನಿಂತಿದ್ದವರು ಆರಾಮವಾಗಿ ದಾಟಿಕೊಂಡು ಬಂದು ನನ್ನೆದುರು ನಿಂತರು. ಇನ್ಸ್‌ಪೆಕ್ಟರ್ ಬಂದು ದಂಡ ಹಾಕಿದ. ಹೆಂಗಸರು ಮುಸಿಮುಸಿ ನಕ್ಕರು. ನನಗೆ ನಗು ಬರಲಿಲ್ಲ. ಕೂದಲೆಳೆಯಷ್ಟು ಸೊಟ್ಟಗಿರುವ ಸಂದನ್ನು ಬಾಗಿಲಿಂದಲೇ ಹಿಡಿಯುತ್ತಿದ್ದ ಮನುಷ್ಯನಿಗೆ ಅಂಗೈ ಅಗಲದ ಪಟ್ಟೆ ಕಾಣಲಿಲ್ಲವೆಂದರೆ!

ಇಳಿದ ಮೇಲೆ ಅವರ ಮುಖದ ಬದಿಯಲ್ಲಿ ಕೈ ಹಿಡಿದೆ. “ಎಷ್ಟು ಬೆರಳು?”

“ಎಲ್ಲಿ?” ಅಂದರು.

ಮರುವಾರ ಊದ್ ಮೇಥಾದ ಕಣ್ಣಿನ ಡಾಕ್ಟರ ಹತ್ತಿರ ನಾನೇ ಎಳೆದುಕೊಂಡು ಹೋದೆ. ಒಳಗೆ ಒತ್ತಡ ಏರಿ ನರ ಸತ್ತಿದೆ ಅಂದರು ಡಾಕ್ಟರಮ್ಮ. ಒಂದು ಕಣ್ಣು ಪೂರ್ತಿ ಹೋಗಿದೆ, ಇನ್ನೊಂದರಲ್ಲಿ ಬರೀ ಮಬ್ಬು. ಮನೆಯಲ್ಲಿ ಅಂದಾಜಿನ ಮೇಲೇ ಓಡಾಡುತ್ತಿದ್ದರಂತೆ, ಮಗಳಿಗೂ ಗೊತ್ತಾಗಿರಲಿಲ್ಲ. ಹೋದದ್ದು ಬರುವುದಿಲ್ಲ. “ನಿಮ್ಮ ತಂದೆಗೂ ಹೀಗಿತ್ತಾ?” “ಕುರುಡಾಗಿಯೇ ಸತ್ತರು. ಮುಪ್ಪು ಅಂತ ತಿಳಿದಿದ್ದೆವು.” ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. “ಇದು ವಂಶದಲ್ಲಿ ಬರುವಂಥದ್ದು. ಮಗಳ ಕಣ್ಣು ಕೂಡಲೇ ತೋರಿಸಿ. ಮೊದಲೇ ಸಿಕ್ಕಿದರೆ ಔಷಧಿಯಲ್ಲಿ ಉಳಿಸಬಹುದು. ತಡ ಮಾಡಬೇಡಿ.”

ಟ್ಯಾಕ್ಸಿಯಲ್ಲಿ ಜಗಳವಾಯಿತು.

“ಸ್ಪೇನಿಂದ ಬಂದ ಮೇಲೆ ಹೇಳುತ್ತೇನೆ. ಅವಳ ಅಮ್ಮ ಹೋಗಿ ವರ್ಷ ಆಗಲಿಲ್ಲ. ಈಗ ಹೇಳಿದರೆ ಟಿಕೆಟು ಖಲಾಸ್, ಅವಳ ನಗುವೂ ಖಲಾಸ್.”

“ಟಿಕೆಟು ದೊಡ್ಡದಾ, ಅವಳ ಕಣ್ಣು ದೊಡ್ಡದಾ?”

“ಒಂದು ತಿಂಗಳು ಅಕ್ಕಾ. ನನ್ನಾಣೆ, ನೀವು ಹೇಳಬಾರದು.”

“ಟೈಲಿನ ಹೊಟ್ಟೆಯಲ್ಲಿರುವುದನ್ನು ಊರಿಗೆಲ್ಲ ಸಾರುತ್ತೀರಿ. ನಿಮ್ಮ ಹೊಟ್ಟೆಯಲ್ಲಿರುವುದನ್ನು ಮಾತ್ರ ಮುಚ್ಚಿಡುತ್ತೀರಿ.”

ಬೈದೆ, ಆದರೆ ಒಪ್ಪಿದೆ. ಒಂದು ತಿಂಗಳಲ್ಲಿ ಏನಾದೀತು ಅಂದುಕೊಂಡೆ. ಅದು ನನ್ನ ತಪ್ಪು, ಅವರ ತಲೆಗೆ ಕಟ್ಟುವುದಿಲ್ಲ.

ತೆರುಯೆಲ್ ದೊಡ್ಡ ಊರೇನಲ್ಲ, ನಡೆದರೆ ಮುಗಿಯುತ್ತದೆ. ಚಳಿ. ರಸ್ತೆಯ ಮೇಲೇ ಕಾಲು ಅಗಲಿಸಿ ನಿಂತ ಹಾಗೆ ಗೋಪುರ, ಅದರಡಿ ಕಮಾನಿನಲ್ಲಿ ಜನ ಓಡಾಡುತ್ತಾರೆ. ಉಳಿದವರು ಫೋಟೊ ತೆಗೆದು ಕಾಫಿ ಅಂಗಡಿಗೆ ಹೋದರು. ಮೇಸ್ತ್ರಿಗಳು ಇಟ್ಟಿಗೆಯ ಮೇಲೆ ಕೈ ಇಟ್ಟವರು ತೆಗೆಯಲಿಲ್ಲ. ಸಂದಿಗೆ ಉಗುರು ಹಾಕಿ ಎಳೆದು ನೋಡಿದರು. ಗೆಣ್ಣಿನಿಂದ ತಟ್ಟಿದರು. ಆಮೇಲೆ ಮೆಲ್ಲಗೆ, “ಅಕ್ಕಾ, ಮೇಲೆ ಏನಿದೆ ಹೇಳಿ.”

“ಟೈಲು. ಹಸಿರು, ಬಿಳಿ.”

“ಯಾವ ಹಸಿರು?”

“ಬಸಳೆ ಹಸಿರು.”

“ಎಳೆಯದಾ, ಬಲಿತದ್ದಾ?”

“ಬಲಿತದ್ದು. ಕೆಲವು ನಕ್ಷತ್ರದ ಹಾಗಿವೆ, ಕೆಲವು ಕಡ್ಡಿ ನೆಟ್ಟ ಹಾಗೆ. ಒಂದು ಕಡೆ ಬಣ್ಣ ಬೇರೆ.”

“ಅದು ರಿಪೇರಿ ಮಾಡಿದ್ದು!” ಅಂದರು ಖುಷಿಯಲ್ಲಿ. “ಎಷ್ಟನೇ ಸಾಲು?”

“ಕತ್ತು ನೋಯುತ್ತದೆ ನನಗೆ.”

ಆದರೂ ಎಣಿಸಿ ಹೇಳಿದೆ. ಅವರು ಕೇಳದಿದ್ದರೆ ನಾನು ಆ ಗೋಪುರವನ್ನು ಒಂದು ಸಲ ನೋಡಿ ಕಾಫಿಗೆ ಹೋಗುತ್ತಿದ್ದೆ. ಆಗಲೇ ಅವರ ಮಗಳು ದೂರದಿಂದ ಆ ಫೋಟೊ ತೆಗೆದದ್ದು.

ಅದೇ ಮಧ್ಯಾಹ್ನ ಊಟಕ್ಕೆ ಕೂತಾಗ ಅವಳ ಮೊಣಕೈಯ ಹತ್ತಿರವೇ ಇದ್ದ ನೀರಿನ ಲೋಟ ಉರುಳಿತು. “ಕಾಣಲೇ ಇಲ್ಲ” ಅಂತ ನಕ್ಕಳು. ಬೆಳಿಗ್ಗೆ ಹೋಟೆಲಿನಲ್ಲೂ ಒಂದು ಲೋಟ ಬಿದ್ದಿತ್ತು. ನಾನು ಮೇಸ್ತ್ರಿಗಳ ಕಾಲು ತುಳಿದೆ.

“ಇವತ್ತೇ ಹೇಳಿ” ಅಂದೆ, ಅವಳು ಕೈ ತೊಳೆಯಲು ಎದ್ದಾಗ.

“ಎಷ್ಟು ದಿನದ ಮೇಲೆ ನಗುತ್ತಿದ್ದಾಳೆ, ನೋಡಿ” ಅಂದರು. ಅವರು ಮುಖ ತಿರುಗಿಸಿದ್ದ ಕಡೆ ಬರೀ ಗೋಡೆ ಇತ್ತು.

ವಾಪಸು ಬಂದೆವು. ಭಾನುವಾರ ಹೇಳುತ್ತೇನೆ ಅಂದರು, ಹೇಳಲಿಲ್ಲ. ಇನ್ನೊಂದು ಭಾನುವಾರವೂ ಹೋಯಿತು. ಮೂರನೆಯದು ಬರುವ ಮೊದಲೇ ಒಂದು ಬೆಳಿಗ್ಗೆ ಲಿಫ್ಟಿನ ಮುಂದೆ ಎದೆ ಹಿಡಿದುಕೊಂಡು ಕೂತರು, ಏಳಲಿಲ್ಲ.

ಕಾಗದಪತ್ರದ ಕೆಲಸ ಮುಗಿಸಿ, ಜಬಲ್ ಅಲಿಯ ಸ್ಮಶಾನದಲ್ಲಿ ಅವರನ್ನು ಸುಟ್ಟು ಬಂದೆವು. ಸಂಜೆ ಮನೆ ತುಂಬ ಜನ. ಮಗಳು ಆ ಫೋಟೊವನ್ನೇ ದೊಡ್ಡದು ಮಾಡಿಸಿ ದೀಪದ ಹಿಂದೆ ಇಟ್ಟಿದ್ದಳು. “ಅಪ್ಪ ಆಸೆಪಟ್ಟದ್ದನ್ನು ಕಣ್ಣು ತುಂಬ ನೋಡಿಕೊಂಡು ಹೋದರು” ಅಂದಳು. ಎಲ್ಲರೂ ಹೌದೆಂದರು. ಆಣೆ ಹಾಕಿದವರೇ ಹೋದ ಮೇಲೆ ಆಣೆ ಯಾರಿಗೆ, ಬೆಳಿಗ್ಗೆ ಅವಳಿಗೆ ಹೇಳಿಯೇ ಬಿಡುವುದು ಅಂತ ಕೂತಲ್ಲೇ ತೀರ್ಮಾನ ಮಾಡಿದೆ.

ಮರುದಿನ ಬೆಳಿಗ್ಗೆ ಗಂಜಿ ತೆಗೆದುಕೊಂಡು ಎದುರು ಮನೆಗೆ ಹೋದೆ. ಅವಳು ಅರ್ಧ ಬಟ್ಟಲು ಉಂಡ ಮೇಲೆ ಮೊದಲಿಂದ ಕೊನೆಯವರೆಗೆ ಹೇಳಿದೆ.

“ಹಾಗಾದರೆ ಅಪ್ಪ ಅಲ್ಲಿ ಏನೂ ನೋಡಲಿಲ್ಲವಾ?”

“ಇಲ್ಲ.”

“ನಿಮಗೆ ಗೊತ್ತಿತ್ತು.”

“ಗೊತ್ತಿತ್ತು.”

“ಹೋಗಿ ಆಂಟಿ. ನಿಮ್ಮ ಮುಖ ನೋಡುವುದು ಬೇಡ ನನಗೆ.”

“ನೋಡಬೇಡ. ಹತ್ತು ಗಂಟೆಗೆ ಡಾಕ್ಟರ ಹತ್ತಿರ ನಿನ್ನ ಹೆಸರು ಬರೆಸಿದ್ದೇನೆ. ಬೈಯುವುದನ್ನು ದಾರಿಯಲ್ಲಿ ಬೈ.”

ಊರಿಂದ ಬಂದಿದ್ದ ಅವಳ ಅತ್ತೆ ಒಳಗಿನಿಂದ, “ಸೂತಕದ ಮನೆಯವಳನ್ನು ಹೊರಗೆ ಕರೆದುಕೊಂಡು ಹೋಗುವುದಾ? ಹನ್ನೊಂದು ದಿನ ಮುಗಿಯಲಿ” ಅಂದರು.

“ಇವಳ ಅಪ್ಪನೂ ಹೀಗೇ ದಿನ ಮುಂದೆ ಹಾಕಿದ್ದು” ಅಂದೆ. “ಕಣ್ಣಿಗೆ ಸೂತಕ ಇಲ್ಲ.”

ಟ್ಯಾಕ್ಸಿಯಲ್ಲಿ ಅವಳು ಬೈಯಲಿಲ್ಲ. ಕಿಟಕಿಗೆ ತಲೆ ಕೊಟ್ಟು ಅತ್ತಳು. ಅತ್ತರೆ ಪರೀಕ್ಷೆಗೆ ತೊಂದರೆಯಾದೀತೋ ಏನೋ ಅಂತ ಟವೆಲು ಕೊಟ್ಟೆ. ನಂಬರು ಕರೆದಾಗ ಒಳಗೆ ಕೂರಿಸಿ, ಯಂತ್ರದ ಮೇಲೆ ಗದ್ದ ಇಡಲು ಹೇಳಿದರು. ನಾನು ಅವಳ ಚೀಲ ಮಡಿಲಲ್ಲಿಟ್ಟುಕೊಂಡು ಹೊರಗೆ ಕೂತೆ.